ಅಂಚಿನಲ್ಲಿರುವ ಕೆಲಸ: ಕಾಂಪೋಸಿಟಿಂಗ್ ಮತ್ತು ಮೋಷನ್ ಗ್ರಾಫಿಕ್ಸನ್ನು ವೃತ್ತಿಪರರಿಂದ ಕಲಿಯುವ ಬಗೆ

ಸಿನಿಮಾದ ದೃಶ್ಯ ಪರಿಣಾಮ ಎಂದೊಡನೆ ಕುಸಿಯುವ ಕಟ್ಟಡ, ಹಾರುವ ರಥ, ಕಂಪ್ಯೂಟರಿನಲ್ಲಿ ಹುಟ್ಟಿದ ಪ್ರಾಣಿ ಇಂಥವೇ ನೆನಪಾಗುತ್ತವೆ. ಆದರೆ ಬೇರೆ ಬೇರೆ ಜಾಗಗಳಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆಯವರ ಕೈಯಲ್ಲಿ ತಯಾರಾದ ಈ ಚಿತ್ರಗಳನ್ನೆಲ್ಲ ಒಂದೇ ಕ್ಯಾಮೆರಾ ಒಂದೇ ಕ್ಷಣದಲ್ಲಿ ಕಂಡದ್ದು ಎಂದು ನೋಡುವವರು ನಂಬುವಂತೆ ಕೂಡಿಸುವ ಹಂತವೊಂದು ಕೊನೆಯಲ್ಲಿ ಇರುತ್ತದೆ. ಅದೇ ಕಾಂಪೋಸಿಟಿಂಗ್, ಸ್ಟುಡಿಯೊಗಳಲ್ಲಿ ಅದನ್ನು ಚಿಕ್ಕದಾಗಿ ಕಾಂಪ್ ಎನ್ನುತ್ತಾರೆ. ಇದನ್ನು ಕಲಿಯಲು ಹೊರಟವರಲ್ಲಿ ಹೆಚ್ಚಿನವರು ಸಾಫ್ಟ್‌ವೇರ್ ಕಲಿಯುವುದರಿಂದ ಆರಂಭಿಸಿ ಅಲ್ಲಿಯೇ ನಿಲ್ಲುತ್ತಾರೆ. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬುದನ್ನು ಕೈಪಿಡಿ ಓದಿಯೂ ತಿಳಿಯಬಹುದು. ವರ್ಷಗಟ್ಟಲೆ ಶಾಟ್‌ಗಳನ್ನು ಮುಗಿಸಿಕೊಟ್ಟ ಕಲಾವಿದರಿಂದ ಕಲಿಯಬೇಕಾದದ್ದು ಬೇರೆ: ಚಿತ್ರವನ್ನು ಯಾವ ಕ್ರಮದಲ್ಲಿ ನೋಡಬೇಕು, ತಪ್ಪು ಎಲ್ಲಿ ಅಡಗಿರುತ್ತದೆ, ಒಂದು ತಿದ್ದುಪಡಿಯನ್ನು ಆ ಜಾಗದಲ್ಲೇ ಏಕೆ ಮಾಡಬೇಕು ಎಂಬ ಕಾರಣಗಳು. ಈ ಲೇಖನ ಆ ಕಾರಣಗಳಲ್ಲಿ ಕೆಲವನ್ನು ಬಿಡಿಸಿ ಹೇಳುವ ಪ್ರಯತ್ನ.

ಕೂಡಿಸುವ ಕಲೆ ಕಂಪ್ಯೂಟರಿಗಿಂತ ಹಳೆಯದು. ಕ್ಯಾಮೆರಾದ ಮುಂದೆ ಚೌಕಟ್ಟಿನ ಅರ್ಧವನ್ನು ಮುಚ್ಚಿ ಚಿತ್ರೀಕರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಇನ್ನರ್ಧವನ್ನು ಮುಚ್ಚಿ ಮತ್ತೆ ಚಿತ್ರೀಕರಿಸುವುದು ದ್ವಿಪಾತ್ರದ ಚಿತ್ರಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ವಿಧಾನ. 1977ರ ‘ಬಭ್ರುವಾಹನ’ದಲ್ಲಿ ಅರ್ಜುನನಾಗಿಯೂ ಬಭ್ರುವಾಹನನಾಗಿಯೂ ರಾಜ್‌ಕುಮಾರ್ ಎದುರುಬದುರು ನಿಂತದ್ದನ್ನು ಕಂಡ ಕನ್ನಡಿಗರಿಗೆ ಎರಡು ಚಿತ್ರಗಳು ಒಂದಾಗುವುದರ ಬೆರಗು ಹೊಸದಲ್ಲ. ಆ ಕಾಲದಲ್ಲಿ ಹೊಲಿಗೆಯನ್ನು ಗೋಡೆ, ಕಂಬ, ಕತ್ತಲೆ ಇಂಥ ಕಡೆ ಮರೆಸಬೇಕಾಗಿತ್ತು. ಕೂದಲಿನ ಎಳೆಯ ಸುತ್ತ, ಹೊಗೆಯ ಒಳಗೆ, ಗಾಜಿನ ಆಚೆ ಹೊಲಿಯಬೇಕಾದರೆ, ಚಿತ್ರದ ಪ್ರತಿಯೊಂದು ಬಿಂದುವೂ (ಪಿಕ್ಸೆಲ್) ಎಷ್ಟು ಮುಚ್ಚಿದೆ, ಎಷ್ಟು ತೆರೆದಿದೆ ಎಂಬುದನ್ನು ಅಂಕಿಯಲ್ಲಿ ಬರೆದಿಡುವ ದಾರಿ ಬೇಕಾಗಿತ್ತು. 1970ರ ದಶಕದ ಕೊನೆಯಲ್ಲಿ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ರೂಪಿಸಿದ ಆಲ್ಫಾ ಚಾನೆಲ್ ಅದನ್ನು ಒದಗಿಸಿತು. 1984ರಲ್ಲಿ ಲ್ಯೂಕಾಸ್‌ಫಿಲ್ಮ್‌ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಅದರ ಗಣಿತವನ್ನು ಒಂದು ಪ್ರಬಂಧದಲ್ಲಿ ಕ್ರಮಬದ್ಧಗೊಳಿಸಿದರು. ಇಂದು ಮೊಬೈಲ್ ಆ್ಯಪ್‌ನಿಂದ ಹಿಡಿದು ದೊಡ್ಡ ಸ್ಟುಡಿಯೊದವರೆಗೆ ಎಲ್ಲರೂ ಬಳಸುವುದು ಅದೇ ಗಣಿತವನ್ನು.

ಆ ಗಣಿತ ಸರಳವಾಗಿದೆ. ಆಲ್ಫಾ ಒಂದು ಎಂದರೆ ಆ ಬಿಂದು ಪೂರ್ತಿ ಮುಚ್ಚಿದೆ, ಸೊನ್ನೆ ಎಂದರೆ ಪೂರ್ತಿ ತೆರೆದಿದೆ, 0.5 ಎಂದರೆ ಅರ್ಧ ಭಾಗವನ್ನು ವಸ್ತು ಆವರಿಸಿದೆ. ಒಂದರಿಂದ ಆಲ್ಫಾವನ್ನು ಕಳೆದು, ಉಳಿದದ್ದರಿಂದ ಹಿನ್ನೆಲೆಯ ಬಣ್ಣವನ್ನು ಗುಣಿಸಿ, ಅದಕ್ಕೆ ಮುನ್ನೆಲೆಯ ಬಣ್ಣವನ್ನು ಕೂಡಿಸಿದರೆ ಎರಡೂ ಚಿತ್ರಗಳು ಸೇರುತ್ತವೆ. ಮುನ್ನೆಲೆಯ ಬಣ್ಣವನ್ನು ಅದರ ಆಲ್ಫಾದಿಂದ ಮೊದಲೇ ಗುಣಿಸಿ ಇಟ್ಟಿರಬೇಕು ಎಂಬುದು ಇಲ್ಲಿನ ಷರತ್ತು. ಇದನ್ನು ಪ್ರೀಮಲ್ಟಿಪ್ಲೈ ಎನ್ನುತ್ತಾರೆ. ಹೊಸಬರ ಕೆಲಸದಲ್ಲಿ ಕಾಣುವ ಕಪ್ಪು ಅಂಚು, ಬಿಳಿ ಅಂಚು, ಮಸುಕು ಪ್ರಭೆಗಳಲ್ಲಿ ಬಹುಪಾಲು ಹುಟ್ಟುವುದು ಈ ಷರತ್ತನ್ನು ಮರೆತಾಗ.

ಒಂದು ಅಂಚಿನ ಬಿಂದುವನ್ನು ಹತ್ತಿರದಿಂದ ನೋಡೋಣ. ಅದರ ನಿಜವಾದ ಕೆಂಪು 0.8, ಆಲ್ಫಾ 0.5. ಗುಣಿಸಿಟ್ಟಾಗ ಕಡತದಲ್ಲಿರುವ ಕೆಂಪು 0.4. ಮುನ್ನೆಲೆಯ ಕಪ್ಪು ತುಸು ತಿಳಿಯಾಗಲಿ ಎಂದು ಕಲಾವಿದ ಎಲ್ಲ ಬಿಂದುಗಳಿಗೂ 0.1 ಕೂಡಿಸಿದ ಎಂದುಕೊಳ್ಳಿ. ಗುಣಿಸುವ ಮೊದಲೇ ಕೂಡಿಸಿದ್ದರೆ 0.9ರ ಅರ್ಧ, ಅಂದರೆ 0.45 ಬರಬೇಕಾಗಿತ್ತು, ಈಗ ಬಂದದ್ದು 0.5. ಅಂಚು ಬೇಕಾದದ್ದಕ್ಕಿಂತ ಹೆಚ್ಚು ಹೊಳೆಯುತ್ತದೆ. ಇನ್ನೂ ಕೆಟ್ಟದ್ದೆಂದರೆ, ವಸ್ತುವೇ ಇಲ್ಲದ, ಆಲ್ಫಾ ಸೊನ್ನೆಯಿರುವ ಜಾಗದಲ್ಲೂ 0.1 ಬಣ್ಣ ಬಂದು ಕುಳಿತಿರುತ್ತದೆ, ಕೂಡಿಸಿದಾಗ ಅದು ಹಿನ್ನೆಲೆಯ ಮೇಲೆಲ್ಲ ತೆಳು ಮಂಜಿನಂತೆ ಹರಡುತ್ತದೆ. ಆದ್ದರಿಂದ ಮೊದಲು ಆಲ್ಫಾದಿಂದ ಭಾಗಿಸಿ (ಇದೇ ಅನ್‌ಪ್ರೀಮಲ್ಟ್), ಬಣ್ಣ ತಿದ್ದಿ, ಮತ್ತೆ ಆಲ್ಫಾದಿಂದ ಗುಣಿಸುವುದು ಸರಿಯಾದ ಕ್ರಮ. ತಿದ್ದುಪಡಿ ಬರಿಯ ಗುಣಾಕಾರವಾಗಿದ್ದರೆ ಹೇಗೆ ಮಾಡಿದರೂ ಫಲ ಒಂದೇ. ಕೂಡಿಸುವ ಮತ್ತು ಗಾಮಾ (ನಡುಮಟ್ಟದ ಹೊಳಪು) ಬದಲಿಸುವ ತಿದ್ದುಪಡಿಗಳಿಗೆ ಮಾತ್ರ ಈ ಕ್ರಮ ಕಡ್ಡಾಯ. ‘ಇಲ್ಲಿ ಅನ್‌ಪ್ರೀಮಲ್ಟ್ ಹಾಕಿ’ ಎಂದಷ್ಟೇ ಹೇಳಿ ಮುಂದೆ ಹೋಗುವ ಪಾಠಕ್ಕೂ ಇಷ್ಟನ್ನು ಬಿಡಿಸಿ ತೋರಿಸುವ ಪಾಠಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದನ್ನು ಕಲಿತವರು ಆ ಒಂದು ಶಾಟ್‌ ಮುಗಿಸಬಲ್ಲರು. ಎರಡನೆಯದನ್ನು ಕಲಿತವರಿಗೆ ಬೇರೊಂದು ಶಾಟ್‌ನಲ್ಲಿ ಕಪ್ಪು ಅಂಚು ಕಂಡಾಗ ಎಲ್ಲಿ ಹುಡುಕಬೇಕೆಂದು ಗೊತ್ತಿರುತ್ತದೆ.

ಎರಡನೆಯ ಅಡಿಪಾಯ ಬೆಳಕಿನ ಲೆಕ್ಕ. ಪರದೆಯ ಮೇಲೆ ಕಾಣುವ ಅಂಕಿಗಳಿಗೂ ಬೆಳಕಿನ ನಿಜ ಪ್ರಮಾಣಕ್ಕೂ ನೇರ ಸಂಬಂಧವಿಲ್ಲ. ಸಾಮಾನ್ಯ ಕಂಪ್ಯೂಟರ್ ಪರದೆಯಲ್ಲಿ 0.5 ಎಂದು ತೋರುವ ಬೂದುಬಣ್ಣ ಪೂರ್ಣ ಬೆಳಕಿನ ಅರ್ಧವಲ್ಲ, ಸುಮಾರು 0.21 ಮಾತ್ರ. ನಿಜವಾದ ಅರ್ಧ ಬೆಳಕು 255ರ ಅಳತೆಯಲ್ಲಿ 188ರ ಹತ್ತಿರ ಕಾಣಬೇಕು. ಬಿಳಿ ವಸ್ತುವೊಂದರ ಅಂಚನ್ನು ಕಪ್ಪು ಹಿನ್ನೆಲೆಯ ಮೇಲೆ ಕೂಡಿಸುವಾಗ ಪರದೆಯ ಅಂಕಿಗಳನ್ನೇ ಸರಾಸರಿ ಮಾಡಿದರೆ 128 ಬರುತ್ತದೆ, ಅಂಚು ಕೊಳೆ ಹಿಡಿದಂತೆ ಕಾಣುತ್ತದೆ. ಅದಕ್ಕಾಗಿಯೇ ವೃತ್ತಿಯಲ್ಲಿ ಎಲ್ಲ ಚಿತ್ರಗಳನ್ನೂ ಮೊದಲು ಲೀನಿಯರ್ ಬೆಳಕಿಗೆ, ಅಂದರೆ ಬೆಳಕಿನ ನಿಜ ಪ್ರಮಾಣವನ್ನೇ ಹೇಳುವ ಅಂಕಿಗಳಿಗೆ, ಬದಲಾಯಿಸಿ, ಕೆಲಸವೆಲ್ಲ ಅಲ್ಲಿ ಮಾಡಿ, ನೋಡುವಾಗ ಮಾತ್ರ ಪರದೆಗೆ ಹೊಂದಿಸುತ್ತಾರೆ. ದೃಶ್ಯ ಪರಿಣಾಮಗಳ ಸ್ಟುಡಿಯೊ ಐಎಲ್‌ಎಂ ರೂಪಿಸಿ 2003ರಲ್ಲಿ ಎಲ್ಲರಿಗೂ ಮುಕ್ತಗೊಳಿಸಿದ ಓಪನ್‌ಇಎಕ್ಸ್‌ಆರ್ ಕಡತಗಳು ಈ ಕ್ರಮಕ್ಕೆ ಹೇಳಿಮಾಡಿಸಿದಂತಿವೆ. ಅವುಗಳಲ್ಲಿ ಬಿಳಿಗಿಂತಲೂ ಹೆಚ್ಚಿನ ಬೆಳಕು, ಎಂದರೆ ಒಂದನ್ನು ಮೀರಿದ ಅಂಕಿ, ಕಳೆದುಹೋಗದೆ ಉಳಿಯುತ್ತದೆ. ದೂರದ ಬೀದಿದೀಪವೊಂದು ಫೋಕಸ್ ತಪ್ಪಿದಾಗ ಹೊಳೆಯುವ ದುಂಡನೆಯ ಬಿಲ್ಲೆಯಾಗಿ ಕಾಣುವುದು ಆ ಹೆಚ್ಚಿನ ಬೆಳಕು ಇದ್ದಾಗ ಮಾತ್ರ. ಒಂದಕ್ಕೆ ಕತ್ತರಿಸಿಬಿಟ್ಟ ಚಿತ್ರದಲ್ಲಿ ಅದೇ ದೀಪ ಮಂಕು ಬೂದಿಯಾಗುತ್ತದೆ.

ಇನ್ನು ಚಿತ್ರೀಕರಣದ ಜಾಗದಲ್ಲಿ ಎಲ್ಲರೂ ಗ್ರೀನ್ ಮ್ಯಾಟ್ ಎಂದೇ ಕರೆಯುವ ಹಸಿರು ಪರದೆಯ ವಿಷಯ. ಡಿಜಿಟಲ್ ಕ್ಯಾಮೆರಾಗಳ ಸೆನ್ಸರ್‌ನಲ್ಲಿ ಸಾಮಾನ್ಯವಾಗಿ ಪ್ರತಿ ನಾಲ್ಕು ಬಿಂದುಗಳಲ್ಲಿ ಎರಡು ಹಸಿರಿಗೆ, ಒಂದೊಂದು ಕೆಂಪಿಗೂ ನೀಲಿಗೂ ಮೀಸಲಾಗಿರುತ್ತವೆ. ಹೀಗಾಗಿ ಹಸಿರು ಹೆಚ್ಚು ಸ್ವಚ್ಛ, ಮನುಷ್ಯರ ಚರ್ಮದ ಬಣ್ಣದಿಂದಲೂ ದೂರ. ನಟಿ ಹಸಿರು ಮೈಸೂರು ರೇಷ್ಮೆ ಉಟ್ಟಿದ್ದರೆ ಪರದೆ ನೀಲಿಯಾಗಬೇಕು. ಇದನ್ನು ಚಿತ್ರೀಕರಣದ ಹಿಂದಿನ ದಿನವೇ ಕೇಳಿ ತಿಳಿದುಕೊಳ್ಳುವವನು ಒಳ್ಳೆಯ ಮೇಲ್ವಿಚಾರಕ.

ಒಂದು ಶಾಟನ್ನು ಊಹಿಸಿಕೊಳ್ಳೋಣ. ಮುಡಿಗೆ ಮಲ್ಲಿಗೆ ಮುಡಿದ, ಕೊರಳಲ್ಲಿ ಚಿನ್ನದ ಸರವಿರುವ ನಟಿ ಹಸಿರು ಪರದೆಯ ಮುಂದೆ ನಿಂತಿದ್ದಾಳೆ. ಹಿನ್ನೆಲೆಗೆ ಹಂಪಿಯ ಬಂಡೆಗಳ ಮೇಲಿನ ಸಂಜೆ ಬೇಕು. ಹೊಸಬರು ಹಸಿರನ್ನು ಗುರುತಿಸಿ ತೆಗೆಯುವ ಒಂದು ಕೀಯರ್ ಹಾಕಿ, ದೇಹದೊಳಗಿನ ತೂತುಗಳು ಮುಚ್ಚುವವರೆಗೆ ಅಂಕಿಗಳನ್ನು ಹಿಂಡುತ್ತಾರೆ, ಅಷ್ಟರಲ್ಲಿ ಕೂದಲಿನ ಎಳೆಗಳು ಮಾಯವಾಗಿರುತ್ತವೆ. ನುರಿತವರು ಒಂದೇ ಕೀಯಿಂದ ಎಲ್ಲವನ್ನೂ ನಿರೀಕ್ಷಿಸುವುದಿಲ್ಲ. ದೇಹದ ಒಳಭಾಗಕ್ಕೆ ಗಟ್ಟಿಯಾದ ಒಂದು ಮ್ಯಾಟ್ (ಇಲ್ಲಿ ಪರದೆಯಲ್ಲ, ಎಲ್ಲಿ ಮುಚ್ಚಿದೆ, ಎಲ್ಲಿ ತೆರೆದಿದೆ ಎಂದು ತೋರಿಸುವ ಆಲ್ಫಾ), ಕೂದಲಿಗೆ ಮೃದುವಾದ ಇನ್ನೊಂದು, ಪರದೆಯಾಚೆಯ ಲೈಟ್ ಸ್ಟ್ಯಾಂಡು, ಹಗ್ಗಗಳನ್ನು ತೆಗೆಯಲು ಒರಟಾಗಿ ಬಿಡಿಸಿದ ಮತ್ತೊಂದು, ಹೀಗೆ ಬೇರೆ ಬೇರೆಯಾಗಿ ತಯಾರಿಸಿ ಕೂಡಿಸುತ್ತಾರೆ. ಪ್ರತಿಯೊಂದಕ್ಕೂ ಒಂದೇ ಹೊಣೆ ಇರುವುದರಿಂದ ಯಾವುದನ್ನೂ ಹಿಂಡಬೇಕಾಗುವುದಿಲ್ಲ.

ಮ್ಯಾಟ್ ಸರಿಯಾದ ಮೇಲೂ ಮಲ್ಲಿಗೆ ಹಸಿರಾಗಿಯೇ ಇರುತ್ತದೆ, ಏಕೆಂದರೆ ಪರದೆಯ ಬೆಳಕು ಬಿಳಿ ಎಸಳುಗಳ ಮೇಲೆ ಬಿದ್ದಿದೆ. ಇದಕ್ಕೆ ಸ್ಪಿಲ್ ಎನ್ನುತ್ತಾರೆ, ತೆಗೆಯುವುದಕ್ಕೆ ಡಿಸ್ಪಿಲ್. ಒಂದು ಎಸಳಿನ ಬಿಂದುವಿನಲ್ಲಿ ಕೆಂಪು 0.70, ಹಸಿರು 0.88, ನೀಲಿ 0.68 ಇದೆ ಎನ್ನೋಣ. ಹಸಿರು ಎಂದಿಗೂ ಕೆಂಪು ಮತ್ತು ನೀಲಿಯ ಸರಾಸರಿಯನ್ನು ಮೀರಕೂಡದು ಎಂಬ ನಿಯಮ ಹಾಕಿದರೆ ಅದು 0.69ಕ್ಕೆ ಇಳಿದು ಎಸಳು ಬಿಳಿಯಾಗುತ್ತದೆ. ಇದೇ ನಿಯಮವನ್ನು ಕೊರಳಿನ ಸರಕ್ಕೆ ಹಾಕಿ ನೋಡಿ: ಚಿನ್ನದ ಹಳದಿಯಲ್ಲಿ ಕೆಂಪು 0.9, ಹಸಿರು 0.8, ನೀಲಿ 0.2 ಇದ್ದರೆ ಸರಾಸರಿ 0.55, ಹಸಿರು ಅಲ್ಲಿಗಿಳಿದಾಗ ಚಿನ್ನ ತಾಮ್ರವಾಗುತ್ತದೆ, ಅರಿಶಿನ ಕೇಸರಿಯಾಗುತ್ತದೆ. ಅಲ್ಲಿ ಹಸಿರನ್ನು ಕೆಂಪಿನ ಮಟ್ಟಕ್ಕೆ ಮಾತ್ರ ತಡೆಯುವ ನಿಯಮ ಬೇಕು. ಒಂದೇ ಚೌಕಟ್ಟಿನಲ್ಲಿ ಹೂವಿಗೊಂದು, ಒಡವೆಗೊಂದು ಡಿಸ್ಪಿಲ್ ಬೇಕಾಗುವುದು ನಮ್ಮ ಚಿತ್ರಗಳಲ್ಲಿ ಸಾಮಾನ್ಯ. ಹೊರದೇಶದ ಪಾಠಗಳಲ್ಲಿ ಈ ಉದಾಹರಣೆ ಸಿಗದಿರಬಹುದು, ಆದರೆ ಕಾರಣ ಗೊತ್ತಿದ್ದವರಿಗೆ ದಾರಿ ತಾನೇ ಹೊಳೆಯುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಸಿರು 0.88ರಿಂದ 0.69ಕ್ಕೆ ಇಳಿದಾಗ ಆ ಬಿಂದು 0.19ರಷ್ಟು ಬೆಳಕನ್ನೂ ಕಳೆದುಕೊಂಡಿತು. ಎಸಳಿನ ಅಂಚು ಕಪ್ಪಿಟ್ಟಂತೆ ಕಾಣುವುದು ಅದಕ್ಕೇ. ಆ ಬೆಳಕು ಬಂದದ್ದು ಹಿಂದಿನ ಪರದೆಯಿಂದ. ಅವಳು ನಿಜವಾಗಿ ಹಂಪಿಯಲ್ಲಿ ನಿಂತಿದ್ದರೆ ಅದೇ ದಿಕ್ಕಿನಿಂದ ಸಂಜೆಯ ಆಕಾಶದ ಬೆಳಕು ಬರುತ್ತಿತ್ತು. ಆದ್ದರಿಂದ ಮೂಲ ಚಿತ್ರದಿಂದ ಡಿಸ್ಪಿಲ್ ಆದ ಚಿತ್ರವನ್ನು ಕಳೆದು, ಉಳಿದದ್ದರಿಂದ ಬಣ್ಣವನ್ನು ತೆಗೆದು, ಮಸುಕುಗೊಳಿಸಿದ ಹಿನ್ನೆಲೆಯಿಂದ ಅದನ್ನು ಗುಣಿಸಿ ಮತ್ತೆ ಕೂಡಿಸುತ್ತಾರೆ. ಹಸಿರು ಬೆಳಕು ಹೋದ ಜಾಗಕ್ಕೆ ಅಷ್ಟೇ ಪ್ರಮಾಣದಲ್ಲಿ ಹಂಪಿಯ ಬೆಳಕು ಬರುತ್ತದೆ. ಕಾಂಪೋಸಿಟಿಂಗ್‌ನಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವ ಉಪಾಯ ಇದು, ಏಕೆಂದರೆ ಇಲ್ಲಿ ಗಣಿತವೂ ಲೋಕದಲ್ಲಿ ಬೆಳಕು ನಡೆದುಕೊಳ್ಳುವ ರೀತಿಯೂ ಒಂದೇ ಆಗುತ್ತವೆ.

ಅಂಚು ಕೂತ ಮೇಲೆ ಹೊಂದಾಣಿಕೆಯ ಕೆಲಸ. ಎರಡೂ ಚಿತ್ರಗಳ ಅತಿ ಕಪ್ಪು ಜಾಗಗಳು ಒಂದೇ ಕಪ್ಪೇ? ದೂರದ ವಸ್ತುಗಳ ನೆರಳು ಗಾಳಿಯಲ್ಲಿನ ದೂಳಿನಿಂದ ತಿಳಿಯಾಗಿರುತ್ತದೆ. ಅಲ್ಲಿ ಗಾಢ ಕಪ್ಪಿನ ವಸ್ತು ಇಟ್ಟರೆ ಅದು ಮುಂದಕ್ಕೆ ನುಗ್ಗುತ್ತದೆ. ಫೋಕಸ್ ಒಂದೇ ಆಳದಲ್ಲಿದೆಯೇ? ಸೆಕೆಂಡಿಗೆ 24 ಚೌಕಟ್ಟುಗಳ ಚಿತ್ರದಲ್ಲಿ 180 ಡಿಗ್ರಿಯ ಶಟರ್ ಎಂದರೆ ಪ್ರತಿ ಚೌಕಟ್ಟೂ 1/48 ಸೆಕೆಂಡ್ ಬೆಳಕು ಕಂಡಿದೆ. ಸೇರಿಸಿದ ವಸ್ತುವಿನ ಚಲನೆಯ ಮಸುಕೂ ಅಷ್ಟೇ ಇದೆಯೇ? ಗ್ರೇನ್, ಅಂದರೆ ಚಿತ್ರದ ಮೇಲಿನ ಸಣ್ಣ ಕಣಗಳಂಥ ಒರಟು, ಹೊಂದಿದೆಯೇ? ವೃತ್ತಿಪರರು ಇದನ್ನೆಲ್ಲ ಬರಿಗಣ್ಣಿನ ಅಂದಾಜಿಗೆ ಬಿಡುವುದಿಲ್ಲ. ವೀಕ್ಷಣೆಯ ಗಾಮಾವನ್ನು ಮೇಲೆ ಕೆಳಗೆ ಎಳೆದು ಕತ್ತಲಿನಲ್ಲಿ ಅಡಗಿದ ಚೌಕಗಳನ್ನು ಹುಡುಕುತ್ತಾರೆ, ಕೆಂಪು, ಹಸಿರು, ನೀಲಿಯನ್ನು ಒಂದೊಂದಾಗಿ ನೋಡುತ್ತಾರೆ. ಗ್ರೇನ್ ಸಾಮಾನ್ಯವಾಗಿ ಹೆಚ್ಚು ಎದ್ದು ಕಾಣುವ ನೀಲಿ ಚಾನೆಲ್‌ನಲ್ಲಿ ಸೇರಿಸಿದ ವಸ್ತು ನುಣ್ಣಗೆ ಉಳಿದಿದ್ದರೆ ತಕ್ಷಣ ಸಿಕ್ಕಿಬೀಳುತ್ತದೆ.

ಇಂಥ ನೋಟ ಬೆಳೆಯುವುದು ವಿಮರ್ಶೆಯ ಎದುರು. ಸ್ಟುಡಿಯೊಗಳಲ್ಲಿ ಡೈಲೀಸ್ ಎಂಬ ಪದ್ಧತಿಯಿದೆ: ಕತ್ತಲೆ ಕೋಣೆಯಲ್ಲಿ ಶಾಟ್ ಮತ್ತೆ ಮತ್ತೆ ಓಡುತ್ತದೆ, ಮೇಲ್ವಿಚಾರಕರು ಟಿಪ್ಪಣಿ ಹೇಳುತ್ತಾರೆ, ಕಲಾವಿದರು ಬರೆದುಕೊಂಡು ಮುಂದಿನ ವರ್ಷನ್ ಮಾಡುತ್ತಾರೆ. ‘ಎಡ ಭುಜದ ಅಂಚು ನಡುಗುತ್ತಿದೆ’, ‘ಕಾಲು ನೆಲಕ್ಕೆ ಕೂತಿಲ್ಲ’, ‘ಹಿನ್ನೆಲೆಯ ಬೆಳಕು ಒಂದು ಸ್ಟಾಪ್ ಹೆಚ್ಚು’ ಎಂಬಂಥ ಚಿಕ್ಕ ಮಾತುಗಳು. ತನ್ನ ಶಾಟ್‌ಗೆ ಬಂದ ಟಿಪ್ಪಣಿಯಿಂದ ಕಲಿಯುವುದಕ್ಕಿಂತ ಹೆಚ್ಚನ್ನು ಪಕ್ಕದವರ ಶಾಟ್‌ಗೆ ಬಂದ ಟಿಪ್ಪಣಿಯಿಂದ ಕಲಿಯಬಹುದು, ಏಕೆಂದರೆ ಅಲ್ಲಿ ನಮ್ಮ ಮಮಕಾರ ಅಡ್ಡ ಬರುವುದಿಲ್ಲ. ಸಂಗೀತದ ಶಿಷ್ಯರು ಗುರುಗಳ ಎದುರು ಹಾಡಿ, ಅಪಸ್ವರ ಬಂದಲ್ಲಿ ತಿದ್ದಿಸಿಕೊಂಡು ಶ್ರುತಿಜ್ಞಾನ ಪಡೆಯುವಂಥದೇ ದಾರಿ ಇದು. ಆದ್ದರಿಂದ ಆನ್‌ಲೈನ್ ಆಗಲಿ, ತರಗತಿಯಾಗಲಿ, ಕಲಿಯುವ ಜಾಗವನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ: ನನ್ನ ಶಾಟನ್ನು ಚೌಕಟ್ಟು ಚೌಕಟ್ಟಾಗಿ ನೋಡಿ ಟಿಪ್ಪಣಿ ಕೊಡುವವರು ಯಾರು? ಇದಕ್ಕೆ ಸ್ಪಷ್ಟ ಉತ್ತರ ಇಲ್ಲದ ಕಡೆ ಪ್ರಮಾಣಪತ್ರ ಸಿಗಬಹುದು, ಕಣ್ಣು ತೆರೆಯುವುದು ಕಷ್ಟ.

ಭಾರತದ ಸ್ಟುಡಿಯೊಗಳಲ್ಲಿ ಅನೇಕರ ಮೊದಲ ಕೆಲಸ ರೋಟೊ, ಅಂದರೆ ಚಲಿಸುವ ವಸ್ತುವಿನ ಸುತ್ತ ಗೆರೆ ಎಳೆದು ಮ್ಯಾಟ್ ತಯಾರಿಸುವುದು. ಇದನ್ನು ಕೀಳಾಗಿ ಕಾಣುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಒಳ್ಳೆಯ ರೋಟೊ ಚಲನೆಯ ಅಧ್ಯಯನ. ನುರಿತವರು ಇಡೀ ದೇಹಕ್ಕೆ ಒಂದೇ ಗೆರೆ ಸುತ್ತುವುದಿಲ್ಲ. ತೋಳು, ಮುಂಗೈ, ಅಂಗೈ, ಪ್ರತಿ ಬೆರಳಿಗೂ ಒಂದೊಂದು ಆಕಾರ ಮಾಡಿ, ಕೀಲುಗಳಲ್ಲಿ ಒಂದರ ಮೇಲೊಂದು ಬರುವಂತೆ ಇಡುತ್ತಾರೆ. ಪ್ರತಿ ಚೌಕಟ್ಟಿನಲ್ಲೂ ಗೆರೆಯ ಮೇಲಿನ ಬಿಂದುಗಳನ್ನು ಸರಿಸುವುದಿಲ್ಲ; ಚಲನೆ ದಿಕ್ಕು ಬದಲಿಸುವ ಚೌಕಟ್ಟುಗಳಲ್ಲಿ ಮೊದಲು ಕೀಫ್ರೇಮ್ (ಸ್ಥಾನವನ್ನು ಕೈಯಿಂದ ಗುರುತಿಸಿದ ಚೌಕಟ್ಟು) ಇಟ್ಟು, ನಂತರ ನಡುವಿನ ಚೌಕಟ್ಟು, ಮತ್ತೆ ಅದರ ನಡುವಿನದು ಎಂದು ಇಳಿಯುತ್ತಾರೆ. ಬಿಂದುಗಳು ಕಡಿಮೆಯಾದಷ್ಟೂ ಅಂಚು ನಡುಗುವುದು ಕಡಿಮೆ. ಹೀಗೆ ಕೆಲವು ತಿಂಗಳು ಕಳೆದವರಿಗೆ ಮನುಷ್ಯರ ನಡಿಗೆಯ ಲಯ ಕೈಗೆ ಹತ್ತಿರುತ್ತದೆ, ಅದು ಮುಂದೆ ಅನಿಮೇಷನ್‌ಗೂ ಮೋಷನ್ ಗ್ರಾಫಿಕ್ಸ್‌ಗೂ ಒದಗುತ್ತದೆ.

ಮೋಷನ್ ಗ್ರಾಫಿಕ್ಸ್ ಎಂದರೆ ಅಕ್ಷರ, ಆಕಾರ, ಚಿಹ್ನೆಗಳಿಗೆ ಚಲನೆ ಕೊಟ್ಟು ಅರ್ಥ ಮುಟ್ಟಿಸುವ ವಿನ್ಯಾಸ: ಚಿತ್ರದ ಶೀರ್ಷಿಕೆ, ಸುದ್ದಿವಾಹಿನಿಯ ಕೆಳಪಟ್ಟಿ, ವಿಜ್ಞಾನದ ವಿವರಣೆ. ಅಮೆರಿಕದ ಜಾನ್ ವಿಟ್ನಿ 1960ರಲ್ಲಿ ತಮ್ಮ ಸಂಸ್ಥೆಗೆ ಈ ಹೆಸರನ್ನೇ ಇಟ್ಟಿದ್ದರು. ನಮ್ಮಲ್ಲಿ ಒಂದು ತಲೆಮಾರಿಗೆ ದೂರದರ್ಶನದ ಲಾಂಛನ ತಿರುಗುತ್ತ ಕಣ್ಣಾಗಿ ಕೂಡುತ್ತಿದ್ದದ್ದೇ ಇದರ ಮೊದಲ ಪಾಠ. ಕೆಲವೇ ಆಕಾರಗಳು, ಒಂದೇ ಉದ್ದೇಶದ ಚಲನೆ, ಸಂಗೀತದೊಂದಿಗೆ ಹೊಂದಿಕೊಂಡ ಲಯ.

ಇಲ್ಲಿ ವೃತ್ತಿಪರರು ಕಲಿಸುವ ಮುಖ್ಯ ಸಂಗತಿ ವೇಗದ ವಿತರಣೆ. ಸೆಕೆಂಡಿಗೆ 25 ಚೌಕಟ್ಟುಗಳ ವಿಡಿಯೊದಲ್ಲಿ ಒಂದು ಪದ ಎಡದಿಂದ ಬಲಕ್ಕೆ ಒಂದು ಸೆಕೆಂಡಿನಲ್ಲಿ ಬರಬೇಕು ಎಂದರೆ ಆರಂಭ ಮತ್ತು ಅಂತ್ಯದ ಎರಡು ಕೀಫ್ರೇಮ್ ಸಾಕು. ಹಾಗೆಯೇ ಬಿಟ್ಟರೆ ಪ್ರತಿ ಚೌಕಟ್ಟಿನಲ್ಲೂ ಸಮಾನ ದೂರ ಸರಿದು, ಗೋಡೆಗೆ ಬಡಿದಂತೆ ತಟ್ಟನೆ ನಿಲ್ಲುತ್ತದೆ. ವೇಗವನ್ನು ಗೆರೆಯಾಗಿ ತೋರಿಸಿ ತಿದ್ದಲು ಬಿಡುವ ಗ್ರಾಫ್ ಎಡಿಟರ್ ತೆರೆದು ಮೊದಲ ಏಳೆಂಟು ಚೌಕಟ್ಟುಗಳಲ್ಲಿಯೇ ಹೆಚ್ಚಿನ ದೂರ ಕ್ರಮಿಸಿ, ಉಳಿದ ಸಮಯದಲ್ಲಿ ನಿಧಾನವಾಗಿ ನೆಲೆಗೊಳ್ಳುವಂತೆ ಮಾಡಿದರೆ ಪದಕ್ಕೆ ತೂಕ ಬರುತ್ತದೆ, ಓದುಗರ ಕಣ್ಣಿಗೆ ಅದನ್ನು ಹಿಡಿಯಲು ಸಮಯವೂ ಸಿಗುತ್ತದೆ. ಎರಡನೆಯ ಪದ ಎರಡು ಮೂರು ಚೌಕಟ್ಟು ತಡವಾಗಿ ಹೊರಟರೆ ಯಾವುದನ್ನು ಮೊದಲು ಓದಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಹೊಸಬರು ಚಲನೆಯನ್ನು ಸೇರಿಸುತ್ತ ಹೋಗುತ್ತಾರೆ. ಅನುಭವಿಗಳು ಮೊದಲು ನಿಶ್ಚಲ ಚೌಕಟ್ಟುಗಳನ್ನು ವಿನ್ಯಾಸ ಮಾಡಿ, ಅವು ಒಪ್ಪಿಗೆಯಾದ ಮೇಲೆಯೇ ಚಲನೆಗೆ ಕೈ ಹಾಕುತ್ತಾರೆ.

ಕನ್ನಡದ ಅಕ್ಷರಗಳಿಗೆ ಚಲನೆ ಕೊಡುವವರು ಇನ್ನಷ್ಟು ಎಚ್ಚರ ವಹಿಸಬೇಕು. ‘ಶಕ್ತಿ’ ಎಂಬ ಪದದಲ್ಲಿ ನಾವು ಓದುವುದು ಎರಡು ಅಕ್ಷರ, ಯೂನಿಕೋಡ್‌ನಲ್ಲಿರುವುದು ಐದು ಸಂಕೇತ: ಶ, ಕ, ಸ್ವರವನ್ನು ತಡೆಯುವ ವಿರಾಮ (್), ತ, ಇಕಾರ. ಒಂದೊಂದೇ ಅಕ್ಷರ ಮೂಡುವ ಸಿದ್ಧ ಪರಿಣಾಮವನ್ನು ಯೋಚಿಸದೆ ಹಾಕಿದರೆ ಪರದೆಯ ಮೇಲೆ ಶಕ, ಶಕ್, ಶಕ್ತ ಎಂಬ ಬೇರೆ ಬೇರೆ ರೂಪಗಳು ಮಿಂಚಿ ಹೋಗುತ್ತವೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಒತ್ತು, ಗುಣಿತದ ತುಂಡುಗಳೇ ಪ್ರತ್ಯೇಕ ಸಂಕೇತಗಳಾಗಿರುವುದರಿಂದ ಒತ್ತಕ್ಷರ ತಾಯಿಯಕ್ಷರದಿಂದ ಬೇರ್ಪಟ್ಟು ಹಾರುತ್ತದೆ. ಆಫ್ಟರ್ ಎಫೆಕ್ಟ್ಸ್ ಎಂಬ ಸಾಫ್ಟ್‌ವೇರ್‌ನಲ್ಲಿ ಕನ್ನಡದಂಥ ಲಿಪಿಗಳು ಸರಿಯಾಗಿ ಮೂಡುವಂತೆ ಪಠ್ಯದ ಆಯ್ಕೆಯನ್ನು ಹೊಂದಿಸಿಕೊಳ್ಳುವುದು, ಅಕ್ಷರವನ್ನು ಒತ್ತು ಸಮೇತ ಒಂದು ಘಟಕವಾಗಿ ಚಲಿಸುವಂತೆ ಬಿಡಿಸಿಕೊಳ್ಳುವುದು, ಕೆಳಗಿಳಿಯುವ ಒತ್ತುಗಳಿಗಾಗಿ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡುವುದು, ಅಂತರ ಹಿಗ್ಗಿಸುವಾಗ ದೀರ್ಘದ ಗುರುತು ದೂರ ಸರಿಯದಂತೆ ನೋಡಿಕೊಳ್ಳುವುದು ಇವು ಕನಿಷ್ಠ ಶಿಸ್ತು. ಈ ಬಗ್ಗೆ ಕನ್ನಡದಲ್ಲಿ ಕೆಲಸ ಮಾಡುವ ಅನುಭವಿಗಳು ಪಾಠ ಮಾಡಬೇಕಾದ ಅಗತ್ಯ ಬಹಳ ಇದೆ. ಹೊರಗಿನವರು ಯಾರೂ ಇದನ್ನು ನಮಗಾಗಿ ಹೇಳಿಕೊಡುವುದಿಲ್ಲ.

ಉಪಕರಣಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 1993ರಲ್ಲಿ ಬಂದ ಆಫ್ಟರ್ ಎಫೆಕ್ಟ್ಸ್ ಲೇಯರ್‌ಗಳ (ಒಂದರ ಮೇಲೊಂದು ಇಟ್ಟ ಪದರಗಳ) ಮೇಲೆ ನಿಂತಿದೆ, ಮೋಷನ್ ಗ್ರಾಫಿಕ್ಸ್‌ಗೆ ಹೊಂದುತ್ತದೆ. ಡಿಜಿಟಲ್ ಡೊಮೇನ್ ಸ್ಟುಡಿಯೊ ತನ್ನ ಬಳಕೆಗೆಂದು ತಯಾರಿಸಿ ಈಗ ಫೌಂಡ್ರಿ ಸಂಸ್ಥೆಯ ಕೈಯಲ್ಲಿರುವ ನ್ಯೂಕ್ ನೋಡ್‌ಗಳ (ಒಂದಕ್ಕೊಂದು ಜೋಡಿಸುವ ಒಂದೊಂದು ಕೆಲಸದ ಘಟಕಗಳ) ಮೇಲೆ ನಿಂತಿದೆ, ಸಿನಿಮಾ ಕಾಂಪ್‌ನಲ್ಲಿ ಅದರದೇ ಬಳಕೆ ಹೆಚ್ಚು. ನ್ಯೂಕ್‌ಗೆ ವಾಣಿಜ್ಯೇತರ ಉಚಿತ ಆವೃತ್ತಿಯಿದೆ; ಡಾವಿಂಚಿ ರಿಸಾಲ್ವ್‌ನೊಳಗಿನ ಫ್ಯೂಷನ್ ಮತ್ತು ಬ್ಲೆಂಡರ್ ಕೂಡ ಹಣವಿಲ್ಲದೆ ಸಿಗುತ್ತವೆ. ಮೇಲೆ ಹೇಳಿದ ಅಂಚಿನ ಲೆಕ್ಕ, ಬೆಳಕಿನ ಲೆಕ್ಕ ಇವೆಲ್ಲದರಲ್ಲೂ ಒಂದೇ. ಕರ್ನಾಟಕ 2012ರಲ್ಲೇ ಅನಿಮೇಷನ್, ದೃಶ್ಯ ಪರಿಣಾಮ, ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದಿತು, ಬೆಂಗಳೂರು ಈ ಉದ್ಯಮದ ದೊಡ್ಡ ನೆಲೆಯಾಯಿತು. 2025ರ ಫೆಬ್ರವರಿಯಲ್ಲಿ ದೃಶ್ಯ ಪರಿಣಾಮಗಳ ಸ್ಟುಡಿಯೊಗಳನ್ನು ನಡೆಸುತ್ತಿದ್ದ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನ ಅದರ ಕಲಾವಿದರೂ ಕೆಲಸ ಕಳೆದುಕೊಂಡರು. ಒಂದೇ ಸಂಸ್ಥೆಯ ಒಳಗಿನ ಉಪಕರಣಗಳನ್ನಷ್ಟೇ ಬಲ್ಲವರಿಗಿಂತ ಮೂಲತತ್ವ ಬಲ್ಲವರು ಇಂಥ ಹೊತ್ತಿನಲ್ಲಿ ಬೇಗ ಬೇರೆ ಕಡೆ ನೆಲೆ ನಿಲ್ಲಬಲ್ಲರು.

ಪಾಠ ನೋಡುವ ರೀತಿಯೂ ಮುಖ್ಯ. ಜೊತೆಜೊತೆಗೆ ಗುಂಡಿ ಒತ್ತುತ್ತ ನೋಡಿದರೆ ಕೈ ಓಡುತ್ತದೆ, ತಲೆ ಓಡುವುದಿಲ್ಲ. ಮೊದಲು ಪೂರ್ತಿ ನೋಡಿ, ಪ್ರತಿ ಹೆಜ್ಜೆಯ ಕಾರಣವನ್ನು ಬರೆದುಕೊಂಡು, ಆಮೇಲೆ ಬೇರೆಯೇ ಪ್ಲೇಟ್ (ಚಿತ್ರೀಕರಿಸಿದ ಮೂಲ ದೃಶ್ಯ) ಮೇಲೆ ಅದನ್ನು ಕಟ್ಟಬೇಕು. ಎಲ್ಲಿ ಒಡೆಯುತ್ತದೋ ಅಲ್ಲಿ ಪಾಠ ಅರ್ಥವಾಗಿಲ್ಲ ಎಂದು ತಿಳಿಯುತ್ತದೆ. ಮೊಬೈಲಿನಲ್ಲಿ ಚಿತ್ರೀಕರಿಸುವುದಾದರೆ ಎಕ್ಸ್‌ಪೋಷರ್ ಮತ್ತು ವೈಟ್ ಬ್ಯಾಲೆನ್ಸ್ ಲಾಕ್ ಮಾಡಿಕೊಳ್ಳಿ. ಸಾಮಾನ್ಯ ಮೊಬೈಲ್ ವಿಡಿಯೊ ಪ್ರತಿ ನಾಲ್ಕು ಬಿಂದುಗಳಿಗೆ ಒಂದೇ ಬಣ್ಣದ ಮಾಹಿತಿಯನ್ನು ಉಳಿಸುವುದರಿಂದ ಅದರ ಮೇಲಿನ ಕೀ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಅದು ಕಲಿಯುವವರ ತಪ್ಪಲ್ಲ. ಕೀಯಿಂಗ್ ಅಭ್ಯಾಸಕ್ಕೆ ಒಳ್ಳೆಯ ಕೋರ್ಸ್‌ಗಳು ಕೊಡುವ ಸಿನಿಮಾ ಗುಣಮಟ್ಟದ ಪ್ಲೇಟ್‌ಗಳನ್ನು ಬಳಸಿ, ಮೊಬೈಲ್ ದೃಶ್ಯಗಳನ್ನು ಟ್ರ್ಯಾಕಿಂಗ್ (ಚಿತ್ರದೊಳಗಿನ ಚಲನೆಯನ್ನು ಹಿಂಬಾಲಿಸುವುದು) ಮತ್ತು ರೋಟೊ ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ಕೆಲಸ ಕೇಳಿಕೊಂಡು ಹೋಗುವಾಗ ತೋರಿಸುವ ಶೋರೀಲ್ ಎರಡು ನಿಮಿಷ ಮೀರಬಾರದು. ಅತ್ಯುತ್ತಮ ಶಾಟ್ ಮೊದಲು ಬರಲಿ, ಅರೆಬೆಂದ ಶಾಟ್‌ಗಳು ಬರುವುದೇ ಬೇಡ. ಮೂಲ ಪ್ಲೇಟ್‌ನಿಂದ ಕೊನೆಯ ಚಿತ್ರದವರೆಗಿನ ಹಂತಗಳನ್ನು ಬಿಡಿಸಿ ತೋರಿಸಿ, ಪ್ರತಿ ಶಾಟ್‌ನಲ್ಲಿ ನೀವು ಮಾಡಿದ್ದು ಯಾವುದು, ಬೇರೆಯವರಿಂದ ಬಂದದ್ದು ಯಾವುದು ಎಂದು ಬರೆಯಿರಿ. ನೋಡುವವರು ಶಾಟನ್ನು ನಿಲ್ಲಿಸಿ, ಹಿಗ್ಗಿಸಿ, ಕೂದಲಿನ ಅಂಚನ್ನು ನೋಡಿ, ಇದನ್ನು ಹೇಗೆ ಮಾಡಿದಿರಿ ಎಂದು ಕೇಳುತ್ತಾರೆ.